ನನ್ನ ಗಂಡನೆಂದು ಒಳಗೆ ಕರೆದ ಪರದೇಶಿ ದುಂಬಿಗೆ

ಟೊಮೇಟೊ ಸೇವಾಧುರೀಣರೂ, ರಟ್ಟಿನ ಪೆಟ್ಟಿಗೆಯಲ್ಲಿ ಸಂಸಾರ ಸಮೇತ ವಿಮಾನವೇರಿ ಯುರೋಪಿನಿಂದ ಚಿಲಿ ದೇಶದ ನಮ್ಮ ಚಿಲೊಯೆ ದ್ವೀಪದವರೆಗೂ ದಯಮಾಡಿಸಿದವರೂ ಆದ ಮಾನ್ಯ ಬಿಳಿಬಾಲದ ದುಂಬಿಯವರೇ, ದಿವಂಗತ ಫ್ಲೋರಿದೋರ್ ರಾಯಿನ್‌ನ ಹೆಂಡತಿ ಎದೆಲ್ಮಿರಾ ಲೆಪಿಯೊ ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ; ಈ ಪತ್ರಕ್ಕೆ ಅದೇ ಕಾರಣ.

ನಮ್ಮಲ್ಲಿ ಸತ್ತವರು ವಸಂತ ಬಂದಾಗ ಮೊಸ್ಕಾರ್ದೋನ್ ಆಗಿ, ಅಂದರೆ ಹೆಬ್ಬೆರಳ ದಪ್ಪದ, ಕಿತ್ತಳೆ ಬಣ್ಣದ ತುಪ್ಪಳ ಹೊದ್ದ ನಮ್ಮೂರ ದುಂಬಿಯಾಗಿ ಮನೆಗೆ ಬರುತ್ತಾರೆ. ಅವರನ್ನು ಓಡಿಸದೆ, ಕೂರಿಸಿ, ಮನೆಯ ಸುದ್ದಿ ಹೇಳಿ ಕಳಿಸುವುದು ಪದ್ಧತಿ. ಫ್ಲೋರಿದೋರ್ ಹೋಗಿ ಮೂರು ವರ್ಷವಾದರೂ ಒಂದೂ ಮೊಸ್ಕಾರ್ದೋನ್ ಇತ್ತ ಸುಳಿಯದಿರಲು, ಇಲ್ಲಿ ವಸಂತ ಕಾಲಿಡುವ ಅಕ್ಟೋಬರಿನಲ್ಲಿ, ಕಳೆದ ವರ್ಷ, ಗುಂಯ್ ಎಂದು ತಾವು ಅಡುಗೆಮನೆಗೆ ಬಂದಾಗ, ಕಣ್ಣು ಮಂಜಾದ ನಾನು ಅವನೇ ಎಂದುಕೊಂಡು ಕುರ್ಚಿ ಎಳೆದು, ಸೇಬಿನ ಹೆಂಡ ಚಿಚಾ ಬಗ್ಗಿಸಿ, ಬಿಸಿ ಆಲೂಗಡ್ಡೆ ರೊಟ್ಟಿ ಮುರಿದಿಟ್ಟು, ಅರ್ಧ ಗಂಟೆ ಮಾತಾಡಿದೆ. ಅವನು ಕಡೆಯ ಸಲ ದೋಣಿ ಹತ್ತಿದ ಬೆಳಿಗ್ಗೆ "ಹಾಳಾಗಿ ಹೋಗು, ತಿರುಗಿ ಬರಬೇಡ" ಎಂದದ್ದು ಬಾಯಿ ತಪ್ಪಿ ಬಂದ ಮಾತು, ಮನಸ್ಸಿನದಲ್ಲ ಎಂದು ಅತ್ತುಕೊಂಡೇ ಹೇಳಿದೆ. ಜನ್ಮದಲ್ಲಿ ನನ್ನ ಒಂದು ಮಾತು ಕೇಳದವನು ಅದೊಂದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದ್ದ. ತಾವೋ, ಅಡ್ಡಮಾತಿಲ್ಲದೆ ಎಲ್ಲವನ್ನೂ ಕೇಳಿದಿರಿ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಅಷ್ಟರಲ್ಲಿ ನನ್ನ ನಾದಿನಿ ಉಬೆರ್ಲಿಂದಾ ಬಂದು ಹಣೆ ಚಚ್ಚಿಕೊಂಡಳು. "ಅಯ್ಯೋ ಅತ್ತಿಗೆ, ಅದರ ಅಂಡು ನೋಡಿ, ಬೆಳ್ಳಗಿದೆ. ಇದು ಅಣ್ಣ ಅಲ್ಲ, ಪಕ್ಕದ ಹೆರಿಬೆರ್ತೋ ಟೊಮೇಟೊ ಹೂವು ಕಾಯಿ ಕಟ್ಲಿ ಅಂತ ತರಿಸಿದ ಹುಳ. ಯಾರ ಹತ್ರ ಹೇಳ್ಕೊಂಡ್ರಿ ಇದನ್ನೆಲ್ಲ?"

ತಮ್ಮ ದಕ್ಷತೆಯನ್ನು ಎಷ್ಟು ಹೊಗಳಿದರೂ ಸಾಲದು. ನಮ್ಮ ಮೊಸ್ಕಾರ್ದೋನ್ ಉದ್ದ ನಾಲಿಗೆ ಚಾಚಿ, ಚಿಲ್ಕೊ ಹೂವಿನ ಬಾಯಿಂದಲೇ ಮಕರಂದ ಕುಡಿದು, ಋಣ ಇಟ್ಟುಕೊಳ್ಳದೆ ಪರಾಗವನ್ನು ಮುಂದಿನ ಹೂವಿಗೆ ಮುಟ್ಟಿಸುವ ಹಳೇಕಾಲದ ಪ್ರಾಣಿ. ತಾವಾದರೆ ಹೂವಿನ ಬುಡಕ್ಕೇ ಕನ್ನ ಹಾಕಿ ಹೊರಟುಬಿಡುತ್ತೀರಿ. ಚಳಿಗಾಲ ಕಳೆದು ಮಣ್ಣಿನಿಂದೇಳುವುದು ನಮ್ಮ ಮೊಸ್ಕಾರ್ದೋನ್ ಕುಲದ ರಾಣಿದುಂಬಿಗಳಷ್ಟೇ. ಒಬ್ಬೊಬ್ಬಳೂ ಒಂಟಿಯಾಗಿ ಗೂಡು ಹೂಡಬೇಕು. ಅವಳು ಉಪವಾಸ ಬಿದ್ದರೆ, ಇಲ್ಲವೇ ತಾವು ಹೂವಿನ ಮೇಲೆ ಪ್ರಸಾದದಂತೆ ಬಿಟ್ಟುಹೋದ ಹೊಟ್ಟೆರೋಗ ತಗುಲಿ ಸತ್ತರೆ, ಆ ಸಂಸಾರ ಹುಟ್ಟುವುದೇ ಇಲ್ಲ. ಹಾಗೆಂದು ತಮ್ಮನ್ನು ಪರದೇಶಿ ಎಂದು ಬೈಯಲಾರೆ. ಈಗ ನಿಜವಾಗಿ ಪರದೇಶಿಯಾಗಿರುವವಳು ನಾನು.

ತಮಗೆ ರಹದಾರಿ ಕೊಟ್ಟ ಪರವಾನಗಿ ಸಾಹೇಬರನ್ನೂ ಕಂಡು ಬಂದೆ. ಬಹಳ ಸೌಜನ್ಯದವರು. "ಹಾನಿ ಆಗಿದೆ ಅನ್ನೋಕೆ ಸಾಕ್ಷಿ ಬೇಕಲ್ಲಮ್ಮಾ. ಒಂದು ಮೊಸ್ಕಾರ್ದೋನ್ ಹಿಡ್ಕೊಂಡು ಬನ್ನಿ, ಪರೀಕ್ಷೆ ಮಾಡಿಸೋಣ" ಎಂದರು. ಇಲ್ಲವೆಂದು ದೂರು ಕೊಡಲು ಹೋದವಳು ಇಲ್ಲದ್ದನ್ನೇ ಹಿಡಿದುಕೊಂಡು ಹೋಗಬೇಕಂತೆ.

ಆದ್ದರಿಂದ ತಮ್ಮಲ್ಲಿ ವಿನಂತಿ. ಮೊಸ್ಕಾರ್ದೋನ್ ಕುಲದವರ ಹೂವು, ಅವರ ಬಿಲ, ಅವರ ದಾರಿ ಎಲ್ಲವನ್ನೂ ತಾವು ವಹಿಸಿಕೊಂಡಾಗಿದೆ, ಕೆಲಸವನ್ನೂ ವಹಿಸಿಕೊಳ್ಳಿ. ಟೊಮೇಟೊ ಸೇವೆಯಿಂದ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಸತ್ತವರ ಊರಿಗೆ ಹೋಗಿ, ಫ್ಲೋರಿದೋರ್‌ಗೆ ನನ್ನ ಮಾತು ಮುಟ್ಟಿಸಿ. ಎಡಗಾಲು ಎಳೆದು ನಡೆಯುತ್ತಾನೆ, ಗುರುತು ಸಿಗುತ್ತದೆ. ಬರಬೇಡ ಅಂದದ್ದು ಸುಳ್ಳು, ಬಾಗಿಲು ಹಾಕಿಲ್ಲ ಎಂದಷ್ಟೇ ಹೇಳಿದರೆ ಸಾಕು. ಅದೂ ಆಗದಿದ್ದರೆ ಅಂದು ಕೇಳಿಸಿಕೊಂಡದ್ದನ್ನೆಲ್ಲ ಒಂದಕ್ಷರ ಬಿಡದೆ ಹಿಂದಿರುಗಿಸಿ. ಅವನಿಗಾಗಿ ಕೂಡಿಟ್ಟ ಮಾತು, ತಮಗಲ್ಲ.

ತಪ್ಪು ದುಂಬಿಯನ್ನು ನಂಬಿ ಕೆಟ್ಟ,
ತಮ್ಮ ವಿಶ್ವಾಸಿ,
ಎದೆಲ್ಮಿರಾ ಲೆಪಿಯೊ

ವಿ.ಸೂ.: ನನಗೀಗ ಎಪ್ಪತ್ತೊಂಬತ್ತು. ನಾನು ಸತ್ತು ಮರಳುವ ಹೊತ್ತಿಗೆ ಮೊಸ್ಕಾರ್ದೋನ್ ಒಂದೂ ಉಳಿದಿರುವುದಿಲ್ಲವಾದ್ದರಿಂದ, ಗತಿಯಿಲ್ಲದೆ ತಮ್ಮೊಳಗೇ ಹೊಕ್ಕು ಬರುತ್ತೇನೆ. ತಮ್ಮ ಕುಲದವರು ಒಂದೇ ಸಲವಲ್ಲ, ಎಷ್ಟು ಸಲ ಬೇಕಾದರೂ ಚುಚ್ಚಬಲ್ಲರೆಂದು ಕೇಳಿದ್ದೇನೆ. ಮೊದಲು ಪರವಾನಗಿ ಸಾಹೇಬರ ಕಚೇರಿಗೇ ಹೋಗೋಣ; ಪಾಪ, ಅವರು ಸಾಕ್ಷಿ ಕೇಳಿದ್ದರು.