ತಕ್ಕೋ ಅತ್ತೆಯ ಟೊಮೆಟೊ ಸೂಪು

ನನ್ನ ಸೋದರತ್ತೆಗೆ ಕ್ಯಾನ್ಸರ್ ಬಂದಿದೆ ಎಂದು ಗೊತ್ತಾದಾಗ ನಮ್ಮ ನೆಂಟರಲ್ಲಿ ಕೆಲವರು ಕನಿಕರಪಟ್ಟದ್ದು ಕ್ಯಾನ್ಸರಿನ ಬಗ್ಗೆ. "ಪಾವಂ, ಅದಕ್ಕೆ ಬೇರೆ ಯಾರೂ ಸಿಗ್ಲಿಲ್ವಾ?" ಎಂದು ನನ್ನ ಚಿಕ್ಕಪ್ಪ ಕಣ್ಣೊರೆಸಿಕೊಳ್ಳುತ್ತಲೇ ಕೇಳಿದರು. ಅತ್ತೆಯ ಕೈಯಲ್ಲಿ ಐವತ್ತು ವರ್ಷ ಬೈಸಿಕೊಂಡ ತಮ್ಮ ಅವರು, ಅವರಿಗೆ ಅನುಭವವಿತ್ತು.

ಇದನ್ನೆಲ್ಲ ಇಷ್ಟು ಧೈರ್ಯವಾಗಿ ಬರೆಯುತ್ತಿರುವುದಕ್ಕೂ ಕಾರಣವಿದೆ. ನಮ್ಮದು ಕೊಯಮತ್ತೂರಿನ ಹತ್ತಿರ ಸಿರುಮುಗೈಯಲ್ಲಿ ತಲೆತಲಾಂತರದಿಂದ ಮಗ್ಗ ನಂಬಿಕೊಂಡು ಬಂದ ಮನೆತನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಇಡೀ ಬಳಗದಲ್ಲಿ ಕನ್ನಡ ಅಕ್ಷರ ಓದಲು ಬರುವವಳು ನಾನೊಬ್ಬಳೇ. ಅದೂ ಬೇರೆ ಊರಿನ ಶಾಲೆಯಲ್ಲಿ ಗಣಿತದ ಟೀಚರ್ ಆದಮೇಲೆ ಹಟ ಹಿಡಿದು ಕಲಿತದ್ದು. ಹಾಗಾಗಿ ಅತ್ತೆಯ ಬಗ್ಗೆ ಕನ್ನಡದಲ್ಲಿ ಏನು ಬರೆದರೂ ಸಿಕ್ಕಿಬೀಳುವ ಭಯವಿಲ್ಲ!

ಅತ್ತೆಯ ಬಾಯಲ್ಲಿ ಅತಿ ಹೆಚ್ಚು ಸಲ ಬರುವ ಮಾತು ಒಂದೇ: "ತಕ್ಕೋ." ಮನೆಗೆ ಯಾರೇ ಬರಲಿ, ಕೂರುವ ಮೊದಲೇ ಕೈಗೆ ಏನಾದರೂ ಬಂದು ಬೀಳುತ್ತದೆ. ಮುರುಕ್ಕು ತಕ್ಕೋ, ಬಾಳೆಹಣ್ಣು ತಕ್ಕೋ, ನುಗ್ಗೇಕಾಯಿ ತಕ್ಕೋ. ಬೇಡ ಎಂದರೆ ಬೈಗುಳ, ಅದನ್ನೂ ತಕ್ಕೋ! ಒಮ್ಮೆ ಕರೆಂಟಿನ ಮೀಟರ್ ನೋಡಲು ಬಂದವರು ಒಂದು ಕುಂಬಳಕಾಯಿ ಹೊತ್ತುಕೊಂಡು ಹೋದದ್ದನ್ನು ನಾನೇ ಕಂಡಿದ್ದೇನೆ. ಆದರೆ ತಾನು ಯಾರಿಂದಲೂ ಏನನ್ನೂ ತೆಗೆದುಕೊಳ್ಳುವವಳಲ್ಲ. ಮದುವೆಮನೆಯ ತಾಂಬೂಲವನ್ನು ಸಹ ಬಾಗಿಲಲ್ಲೇ ಮತ್ತೊಬ್ಬರಿಗೆ ದಾಟಿಸಿ ಬರುತ್ತಿದ್ದಳು.

ನಾನು ನಾಲ್ಕು ವರ್ಷದವಳಿದ್ದಾಗ ಅಮ್ಮ ತೀರಿಕೊಂಡಳು. ಅಂದಿನಿಂದ ನನ್ನನ್ನು ಸಾಕಿದವಳು ಈ ಅತ್ತೆ. ಮದುವೆಯಾಗಲಿಲ್ಲ, ಬಂದ ಗಂಡುಗಳೆಲ್ಲ ಮಗ್ಗಕ್ಕಿಂತ ಕಡಿಮೆ ಕೆಲಸ ಮಾಡುವವರಂತೆ ಕಂಡರಂತೆ. ಇಂಥವಳಿಗೆ ನನ್ನ ಮೊದಲ ಸಂಬಳದಲ್ಲಿ ಒಂದು ರೇಷ್ಮೆ ಸೀರೆ ತಂದೆ. ನೇಯುವವಳಿಗೆ ಅಂಗಡಿಯ ಸೀರೆ ತರುವಷ್ಟು ಬುದ್ಧಿ ನನಗೆ! ಅತ್ತೆ ಬಣ್ಣ ನೋಡಲಿಲ್ಲ, ಜರಿ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು ಸೀರೆಯ ಮೈಮೇಲೆ ಬೆರಳಾಡಿಸಿ, ಒಂದು ಜಾಗದಲ್ಲಿ ನಿಲ್ಲಿಸಿ, "ಮೂರು ಎಳೆ ಬಿಟ್ಟಿದೆ, ಕಣ್ಣು. ತಿರುಗಿ ಕೊಟ್ಟುಬಿಡು" ಎಂದಳು. ಮುದ್ದಿಗೆ ನನ್ನನ್ನು ಕಣ್ಣು ಎಂದೇ ಕರೆಯುವುದು. ಅಂಗಡಿಯವನು ವಾಪಸ್ ತೆಗೆದುಕೊಳ್ಳಲಿಲ್ಲ. ಸೀರೆ ಇಪ್ಪತ್ತೆರಡು ವರ್ಷ ನನ್ನ ಬೀರುವಿನಲ್ಲಿ ನುಸಿಗುಳಿಗೆಗಳ ಜೊತೆ ಮಲಗಿತು. ನಾನು ಎಷ್ಟು ಅತ್ತೆ ಎಂದು ಅತ್ತೆಗೆ ಇಂದಿಗೂ ಗೊತ್ತಿಲ್ಲ.

ಮನುಷ್ಯರ ಮಾತು ಬಿಡಿ, ಅತ್ತೆಗೆ ನಮ್ಮ ಕುಲದೇವತೆ ಚೌಡಮ್ಮನ ಜೊತೆಗೂ ಜಗಳವಿತ್ತು. ವಿಜಯದಶಮಿಯ ದಿನ ನಮ್ಮವರು ಚೌಡಮ್ಮನನ್ನು ಕಲಶದಲ್ಲಿ ಕರೆತರುತ್ತಾರೆ. ಅವಳು ನಡುದಾರಿಯಲ್ಲಿ ಮುನಿಸಿಕೊಂಡು ನಿಂತುಬಿಡುತ್ತಾಳೆ. ಕಲಶ ಹೊತ್ತವರ ಕಾಲು ಏಳುವುದಿಲ್ಲ. ಆಗ ಗಂಡಸರು ಬರಿಮೈಯಲ್ಲಿ ಕತ್ತಿ ಹಿಡಿದು, "ತಕ್ಕೋ ತಾಯಿ, ತಕ್ಕೋ" ಎನ್ನುತ್ತಾ ತಮ್ಮ ಎದೆಗೇ ಹೊಡೆದುಕೊಳ್ಳುತ್ತಾರೆ. ರಕ್ತ ಚಿಮ್ಮಿದಲ್ಲಿಗೆ ಅರಿಶಿನದ ಪುಡಿ ಮೆತ್ತುತ್ತಾರೆ. ತಾಯಿ ಕರಗಿ ಒಂದು ಹೆಜ್ಜೆ ಇಡುತ್ತಾಳೆ. ಹೆಂಗಸರು ಪಕ್ಕದಲ್ಲಿ ನಿಂತು ಕೈ ಮುಗಿಯಬೇಕು, ಅಷ್ಟೇ. ಹನ್ನೆರಡು ವರ್ಷದ ಅತ್ತೆ ತನಗೂ ಒಂದು ಕತ್ತಿ ಬೇಕೆಂದು ನನ್ನ ತಾತನನ್ನು ಕೇಳಿದಳಂತೆ. ಕತ್ತಿ ಕೇಳಿದವಳಿಗೆ ಸಿಕ್ಕಿದ್ದು ಈಳಿಗೆಮಣೆ ಮತ್ತು ಒಂದು ಮೂಟೆ ಹಲಸಿನಕಾಯಿ!

ಅತ್ತೆಗೆ ಸಿಟ್ಟು ಬಂದದ್ದು ತಾತನ ಮೇಲಲ್ಲ, ಚೌಡಮ್ಮನ ಮೇಲೆ. ಅವಳೂ ಹೆಂಗಸು, ನಾನೂ ಹೆಂಗಸು, ಅವಳಿಗೆ ನನ್ನ ರಕ್ತ ಮಾತ್ರ ಯಾಕೆ ಬೇಡ ಎಂಬುದು ಅತ್ತೆಯ ವಾದ. ಆಮೇಲೆ ಆಕೆ ಆ ಹಬ್ಬಕ್ಕೆ ಕಾಲಿಡಲಿಲ್ಲ. ಊರಿನ ಮಗ್ಗಗಳೆಲ್ಲ ರಜೆಯಲ್ಲಿರುವ ಆ ದಿನ ನಮ್ಮ ಮನೆಯ ಮಗ್ಗ ಮಾತ್ರ ದೇವಿಗೆ ಕೇಳಲೆಂದೇ ಲಟಕ್ ಲಟಕ್ ಎನ್ನುತ್ತಿತ್ತು. ನನ್ನ ಬಾಲ್ಯದ ವಿಜಯದಶಮಿಗಳೆಲ್ಲ ಅದೇ ಸದ್ದಿನಲ್ಲಿ ಕಳೆದವು.

ಎರಡು ವರ್ಷದ ಹಿಂದೆ ಪೊಂಗಲ್‌ಗೆ ಊರಿಗೆ ಹೋದಾಗ ಆ ಸದ್ದು ತಡವರಿಸುತ್ತಿತ್ತು. ಎಡಗೈ ಎತ್ತುವಾಗ ಅತ್ತೆ ಹಲ್ಲು ಕಚ್ಚುತ್ತಿದ್ದಳು. ಕೇಳಿದರೆ, ಮಗ್ಗದ ಮರ ತಗುಲಿ ಎದೆಯಲ್ಲಿ ಬಾವು ಬಂದಿದೆ, ಅರಿಶಿನ ಹಚ್ಚಿದ್ದೇನೆ ಎಂದಳು. ಮುಟ್ಟಿ ನೋಡಿದೆ. ಮರ ತಗುಲಿದ ಬಾವು ಅಷ್ಟು ಗಟ್ಟಿಯಾಗಿರುವುದಿಲ್ಲ. ಮರುದಿನವೇ ಕೊಯಮತ್ತೂರಿನ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಪರೀಕ್ಷೆಗಳಾದವು. ಎಡ ಎದೆಯನ್ನು ಪೂರ್ತಿ ತೆಗೆಯಬೇಕು, ಆಮೇಲೆ ಆರು ಸಲ ಕೀಮೋ ಎಂದು ಡಾಕ್ಟರಮ್ಮ ಅತ್ತೆಗೆ ಹೇಳಿದರು. ನನ್ನನ್ನು ಹೊರಗೆ ಕರೆದು, ಕಂಕುಳಿನ ಗಂಟುಗಳಿಗೂ ಹರಡಿದೆ, ಈಗಲೇ ಏನೂ ಭರವಸೆ ಕೊಡಲಾರೆ ಎಂದರು. ವರಾಂಡದ ಗೋಡೆಗೆ ಒರಗಿ ನಿಂತೆ. ಅತ್ತೆ ಹೋದರೆ ಈ ಭೂಮಿಯ ಮೇಲೆ ನನಗೆ ತಕ್ಕೋ ಎನ್ನುವವರು ಯಾರಿದ್ದಾರೆ?

ಒಳಗೆ ಬಂದರೆ ಅತ್ತೆ ಡಾಕ್ಟರಮ್ಮನ ಸಹಾಯಕಿಯ ಜೊತೆ ಚೌಕಾಸಿ ನಡೆಸಿದ್ದಳು. ಮಗ್ಗದ ಮೇಲೆ ಒಂದು ಸೀರೆ ಅರ್ಧಕ್ಕೆ ನಿಂತಿದೆಯಂತೆ, ಯಾರದೋ ಮಗಳ ಮದುವೆಯದು, ಅದು ಮುಗಿಯುವ ತನಕ ಕ್ಯಾನ್ಸರ್ ಸ್ವಲ್ಪ ಕಾಯಬೇಕಂತೆ! ಡಾಕ್ಟರಮ್ಮ ಒಂದು ವಾರ ಕೊಟ್ಟರು. ಅತ್ತೆ ನಾಲ್ಕೇ ದಿನದಲ್ಲಿ ಸೀರೆ ಮುಗಿಸಿ, ಮಗ್ಗಕ್ಕೆ ಹಳೆಯ ಪಂಚೆ ಹೊದಿಸಿ, ಚೀಲ ಹಿಡಿದು ಹೊರಟಳು.

ಆಪರೇಷನ್ನಿನ ಹಿಂದಿನ ದಿನ ಅತ್ತೆ ಕತ್ತಿ ತೋರಿಸಿ ಎಂದು ಹಟ ಹಿಡಿದಳು. ಡಾಕ್ಟರಮ್ಮ ನಗುತ್ತಾ, ಪೊಟ್ಟಣದಲ್ಲಿದ್ದ ಒಂದು ಪುಟ್ಟ ಚಾಕು ತರಿಸಿ ತೋರಿಸಿದರು. ಅತ್ತೆಯ ಮುಖ ಬಾಡಿತು.

"ಇಷ್ಟೇನಾ? ಇದ್ರಲ್ಲಿ ಒಂದು ವಾಳೆಕ್ಕಾಯಿ ಅರಿಯಕ್ಕಾಗಲ್ಲ" ಎಂದಳು. ಅತ್ತೆಯ ಕನ್ನಡದಲ್ಲಿ ಬಾಳೆಕಾಯಿ ಯಾವಾಗಲೂ ವಾಳೆಕ್ಕಾಯಿಯೇ, ಹೆಚ್ಚುವುದು ಅರಿಯುವುದೇ.

ಡಾಕ್ಟರಮ್ಮನಿಗೆ ಕನ್ನಡ ಬಾರದು. ನಾನು ಅದನ್ನು ತಮಿಳಿಗೆ ತಿರುಗಿಸಲಿಲ್ಲ. ಅಂದು ಅತ್ತೆ ನನ್ನ ಕಿವಿಯಲ್ಲಿ ಒಂದು ಗುಟ್ಟು ಹೇಳಿದಳು. ಗಂಡಸರು ವರ್ಷಾವರ್ಷ ಮೇಲ್ಮೇಲೆ ಗೀಚಿಕೊಂಡು ಹೆಸರು ತಗೋತಾರೆ. ತಾನು ಒಂದೇ ಸಲ ಪೂರ್ತಿ ಕೊಟ್ಟುಬಿಡುತ್ತೇನೆ, ಆ ಚೌಡಿ ಈಗ ಹೇಗೆ ಬೇಡ ಅಂತಾಳೆ ನೋಡೋಣ ಎಂದು. ಮರುದಿನ ಆಪರೇಷನ್ ಕೋಣೆಯೊಳಗೆ ಒಯ್ಯುವಾಗ ಆಕೆಯ ಮುಷ್ಟಿ ಬಿಡಿಸಿ ನೋಡಿದರೆ ಒಂದು ನಿಂಬೆಹಣ್ಣು! ನಮ್ಮಲ್ಲಿ ಕತ್ತಿಯ ತುದಿಗೆ ನಿಂಬೆಹಣ್ಣು ಚುಚ್ಚುವ ಪದ್ಧತಿ. ನರ್ಸುಗಳು ಅದನ್ನು ಕಿತ್ತುಕೊಂಡು ನನ್ನ ಕೈಗೆ ಕೊಟ್ಟರು. ನಾಲ್ಕು ಗಂಟೆ ಅದನ್ನು ಹಿಡಿದುಕೊಂಡು ಕೂತಿದ್ದೆ. ಕೊನೆಗೆ ಅದು ಬೇಯಿಸಿದ ಹಾಗೆ ಮೆತ್ತಗಾಗಿತ್ತು.

ಗಾಯ ಮಾಗಿದ ಮೇಲೆ ಕೀಮೋ ಶುರುವಾಯಿತು. ಅಲ್ಲಿದ್ದ ನರ್ಸ್ ಧಾರಾಪುರದ ತಮಿಳಿನವಳು, ಮೃದು ಸ್ವಭಾವದ ಹೆಂಗಸು. ಸೂಜಿ ಚುಚ್ಚಿದ ಕೂಡಲೇ ಅತ್ತೆ ಕಣ್ಣು ಮುಚ್ಚಿ, "ತಕ್ಕೋ ತಾಯಿ, ತಕ್ಕೋ ತಾಯಿ" ಎಂದು ಗೊಣಗಲು ಶುರುಮಾಡಿದಳು. ನರ್ಸ್ ಬಗ್ಗಿ ಕೇಳಿಸಿಕೊಂಡಳು, ತಲೆಯಾಡಿಸಿದಳು, ಸರಸರನೆ ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಒಂದು ಲೋಟ ಬಿಸಿ ಟೊಮೆಟೊ ಸೂಪು ಬಂತು. ಆಸ್ಪತ್ರೆಯ ಪದ್ಧತಿ ಇರಬೇಕೆಂದು ನಾನು ಸುಮ್ಮನಿದ್ದೆ. ಅತ್ತೆ ಲೋಟ ನೋಡಿದಳು, ನನ್ನನ್ನು ನೋಡಿದಳು, ಔಷಧಿ ಕುಡಿಯುವ ಮುಖ ಮಾಡಿಕೊಂಡು ಕುಡಿದಳು. ಎರಡನೆಯ ಸಲವೂ ಸೂಪು. ಮೂರನೆಯ ಸಲ ಸೂಜಿ ಚುಚ್ಚುವ ಮೊದಲೇ ಸೂಪು!

ಆ ದಿನ ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು ಒಂದು ಸಂಶಯ ಕೇಳಿದಳು. ಪಾಟ್ಟಿ, ಅಂದರೆ ಅಜ್ಜಿ, ಪ್ರತಿ ಸಲ ತಕ್ಕಾಳಿ, ತಕ್ಕಾಳಿ ಎಂದು ಅಷ್ಟು ಆಸೆಯಿಂದ ಕೇಳುತ್ತಾರೆ, ತಂದುಕೊಟ್ಟರೆ ಯಾಕೆ ಮುಖ ಕಿವುಚುತ್ತಾರೆ ಎಂದು. ತಮಿಳಿನಲ್ಲಿ ಟೊಮೆಟೊಗೆ ತಕ್ಕಾಳಿ ಎನ್ನುತ್ತಾರೆ. ನೋವಿನಲ್ಲಿ ಹಲ್ಲು ಕಚ್ಚಿಕೊಂಡು ಗೊಣಗಿದ "ತಕ್ಕೋ ತಾಯಿ", ಆಕೆಯ ಕಿವಿಗೆ ತಕ್ಕಾಳಿಯಾಗಿ ಬಿದ್ದಿತ್ತು! ಅರ್ಥ ಬಿಡಿಸಿ ಹೇಳಿದ ಮೇಲೆ ಆಕೆ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ನಾನೂ ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ನಕ್ಕೆ.

ಅತ್ತೆಗೆ ಹೇಳಿದರೆ, ತಾನು ಅದನ್ನು ಇಲ್ಲಿಯ ಪ್ರಸಾದ ಎಂದುಕೊಂಡಿದ್ದೆ ಎಂದಳು. ಇನ್ನು ಮೇಲೆ ತರಬೇಡವೆಂದು ನರ್ಸಿಗೆ ಹೇಳಲೇ ಎಂದು ಕೇಳಿದೆ.

"ಬೇಡ, ಬಿಡು. ಪಾವಂ, ಅಷ್ಟು ದೂರ ನಡ್ದು ಹೋಗಿ ತರ್ತಾಳೆ. ಬೇಡ ಅಂದ್ರೆ ಅವಳ ಮನ್ಸು ನೋಯುತ್ತೆ, ಕಣ್ಣು."

ಮೂರೇ ಸಲ ಕಂಡ ನರ್ಸಿನ ಸೂಪು ಒಳಗೆ ಹೋಗುತ್ತದೆ. ನಾನು ತಂದ ರೇಷ್ಮೆ ಸೀರೆ ಮೈಗೆ ಏರುವುದಿಲ್ಲ. ನನ್ನ ಮನಸ್ಸಿನ ಲೆಕ್ಕ ಯಾರ ಹತ್ತಿರ ಇದೆ? ಕಾಯಿಲೆಯವಳ ಮೇಲೆ ಸಿಟ್ಟು ಮಾಡಬಾರದೆಂದು ನುಂಗಿಕೊಂಡೆ.

ನಾಲ್ಕನೆಯ ಕೀಮೋ ಹೊತ್ತಿಗೆ ಅತ್ತೆ ಹಾಸಿಗೆಗೆ ಅಂಟಿಹೋದಳು. ಕೂದಲೆಲ್ಲ ಉದುರಿತ್ತು. ಪಕ್ಕದ ಮನೆಯವರು ಕಾಂಗೇಯದ ಗಾಣದಿಂದ ತಂದುಕೊಟ್ಟ ಕೊಬ್ಬರಿ ಎಣ್ಣೆಯನ್ನು, ಕೂದಲಿರುವವರು ಹಚ್ಚಿಕೊಳ್ಳಲಿ ಎಂದು ವಾರ್ಡಿನಲ್ಲೇ ಹಂಚಿದ್ದಳು. ತಕ್ಕೋ ಎನ್ನುವ ದನಿ ಮಾತ್ರ ತೀರ ಕುಗ್ಗಿತ್ತು. ರಕ್ತ ಬಹಳ ಕಡಿಮೆಯಾಗಿದೆ, ಎರಡು ಚೀಲ ಏರಿಸಬೇಕು ಎಂದರು. ಕೆಂಪು ಚೀಲ ತೂಗುಹಾಕಿದಾಗ ಅತ್ತೆ ಅದನ್ನೇ ನೋಡುತ್ತಾ, ಯಾರದು ಎಂದು ಕೇಳಿದಳು. ಕೊಟ್ಟವರ ಹೆಸರು ಹೇಳುವ ಪದ್ಧತಿಯಿಲ್ಲ ಎಂದು ನರ್ಸ್ ಹೇಳಿದಳು.

ಅತ್ತೆಗೆ ಇದು ಅರ್ಥವಾಗಲಿಲ್ಲ. ಒಂದು ನುಗ್ಗೇಕಾಯಿ ಕೊಟ್ಟರೂ ಮನೆಯ ಮುಂದೆ ನಿಂತು ಹತ್ತು ಜನಕ್ಕೆ ಕೇಳುವಂತೆ ತಕ್ಕೋ ಎಂದು ಕೂಗುವ ಹೆಂಗಸು ಅವಳು. ರಕ್ತ ಕೊಟ್ಟವರು ಮುಖವನ್ನೂ ತೋರಿಸದೆ ಹೋಗಿಬಿಟ್ಟಿದ್ದರು. ಅತ್ತೆ ಆ ರಕ್ತ ಹನಿ ಹನಿಯಾಗಿ ಇಳಿಯುವುದನ್ನು ನೋಡುತ್ತಲೇ ಇದ್ದಳು.

"ತಿಳೀತು" ಎಂದಳು ಕೊನೆಗೆ. "ಅವಳೇ."

"ಯಾರು ಅತ್ತೆ?"

"ಚೌಡಿ. ಇಷ್ಟು ವರ್ಷ ಗಂಡಸರ ಹತ್ರ ತಕ್ಕೊಂಡ್ಳಲ್ಲ, ಎಲ್ಲಾನೂ ನಂಗೇಂತ ಎತ್ತಿಟ್ಟಿದ್ದಾಳೆ, ಕಣ್ಣು. ನಂಗೆ ತಿಳೀದೆ ಬೈದುಬಿಟ್ಟೆ."

ಹೇಳಿ ಅತ್ತೆ ಅತ್ತಳು. ಅರವತ್ತೆರಡು ವರ್ಷದ ಆ ಜೀವ ಅಳುವುದನ್ನು ನಾನು ಕಂಡದ್ದು ಅದೊಂದೇ ಸಲ. ಆಸ್ಪತ್ರೆಗಳು, ರಕ್ತನಿಧಿ, ದಾನಿಗಳು ಎಂದೆಲ್ಲ ವಿವರಿಸಲು ನನ್ನೊಳಗಿನ ಗಣಿತದ ಟೀಚರ್ ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು. ಅತ್ತೆಯ ಮಾತಿನಲ್ಲಿ ತಪ್ಪೇನಿತ್ತು? ಯಾರೋ ಒಬ್ಬರು ತಮ್ಮ ಮೈಯಿಂದ ತೆಗೆದು ಇವಳಿಗಾಗಿ ಎತ್ತಿಟ್ಟದ್ದು ನಿಜವೇ ತಾನೆ. ಅವರು ಯಾರೇ ಆಗಿರಲಿ, ಚೆನ್ನಾಗಿರಲಿ ಎಂದು ನಾನೂ ಆ ಚೀಲಕ್ಕೆ ಕೈ ಮುಗಿದೆ.

ಆರು ಕೀಮೋಗಳೂ ಮುಗಿದವು. ಕೊನೆಯ ಸ್ಕ್ಯಾನ್ ನೋಡಿ ಡಾಕ್ಟರಮ್ಮ, ಈಗ ಏನೂ ಕಾಣುತ್ತಿಲ್ಲ, ಆದರೆ ಆಗಾಗ ಬಂದು ತೋರಿಸುತ್ತಿರಬೇಕು ಎಂದರು. ಅತ್ತೆ ಅವರಿಗೊಂದು, ನರ್ಸಿಗೊಂದು ಕುಂಬಳಕಾಯಿ ಹೊರಿಸಿ ಊರಿಗೆ ಹೊರಟಳು.

ವಿಜಯದಶಮಿಗೆ ಹೋದಾಗ ನಮ್ಮ ಬೀದಿಗೆ ತಿರುಗಿದರೆ ಮಗ್ಗದ ಸದ್ದಿಲ್ಲ! ಓಡಿ ಒಳಗೆ ಹೋದೆ. ಅತ್ತೆ ಮಿಂದು, ಒಂದಂಗುಲ ಬೆಳೆದ ನರೆಗೂದಲಿಗೆ ಹೂ ಮುಡಿಯಲು ದಾರಿ ಹುಡುಕುತ್ತಾ ಕನ್ನಡಿಯ ಮುಂದೆ ಕೂತಿದ್ದಳು. ಚೌಡಮ್ಮನನ್ನು ನೋಡಲು ಹೊರಟಿದ್ದಾಳೆ. ಐವತ್ತು ವರ್ಷದ ಜಗಳ ಮುಗಿದಿತ್ತು. ಬೀದಿಯ ಕೊನೆಯಿಂದ ಗಂಡಸರ ದನಿ ಕೇಳುತ್ತಿತ್ತು: ತಕ್ಕೋ ತಾಯಿ, ತಕ್ಕೋ.

ಅತ್ತೆ ಕನ್ನಡಿಯಲ್ಲೇ ನನ್ನನ್ನು ನೋಡಿ, "ಆ ಸೀರೆ ಇದೆಯಾ, ಮೂರು ಎಳೆ ಬಿಟ್ಟಿದ್ದು?" ಎಂದು ಕೇಳಿದಳು.

ಪ್ರತಿ ಸಲ ಊರಿಗೆ ಹೊರಡುವಾಗ ಅದನ್ನು ಬೀರುವಿನಿಂದ ತೆಗೆದು ಚೀಲದ ತಳದಲ್ಲಿ ಇಟ್ಟುಕೊಂಡೇ ಬರುತ್ತಿದ್ದೆ, ಹಾಗೆಯೇ ವಾಪಸ್ ಒಯ್ಯುತ್ತಿದ್ದೆ. ಅದು ಅವಳಿಗೆ ಹೇಗೆ ಗೊತ್ತಾಯಿತೋ! ಇಪ್ಪತ್ತೆರಡು ವರ್ಷದ ಮಡಿಕೆಯನ್ನು ಹೊರತೆಗೆದೆ. ಎಳೆ ಇನ್ನೂ ಬಿಟ್ಟೇ ಇದೆಯಲ್ಲ ಅತ್ತೆ, ಎಂದೆ.

ಅತ್ತೆ ತನ್ನ ಚಪ್ಪಟೆಯಾದ ಎಡ ಎದೆಯನ್ನು ಒಮ್ಮೆ ತಟ್ಟಿಕೊಂಡಳು.

"ಇರ್ಲಿ. ನಾನೂ ಒಂದ್ಕಡೆ ಬಿಟ್ಟೋದೋಳೇ. ಕೊಡು" ಎಂದು, ಜೀವಮಾನದಲ್ಲೇ ಮೊದಲ ಸಲ, ನನ್ನ ಮುಂದೆ ಸೆರಗೊಡ್ಡಿ ನಿಂತಳು.

ಏನೇನೋ ಹೇಳಬೇಕೆಂದಿದ್ದೆ. ಬಾಯಿಗೆ ಬಂದದ್ದು ಅವಳೇ ಕಲಿಸಿದ ಒಂದು ಮಾತು.

"ತಕ್ಕೋ, ಅತ್ತೆ" ಎಂದೆ.