ಕಾಕಾ ಹಡಗನ್ನು ಬಡಿದು ನೋಡಿದ್ದು

ನಮ್ಮ ಕಾಕಾ ದೇವರನ್ನು ನಂಬುತ್ತಿದ್ದರು. ಆದರೆ ಪೂಜೆ ಮುಗಿದ ಕೂಡಲೇ ಬೆಳ್ಳಿಯ ಆರತಿಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕುತ್ತಿದ್ದರು. 'ದೇವರ ಮ್ಯಾಲೂ ವಿಶ್ವಾಸ ಇಲ್ಲೇನ್ರಿ?' ಎಂದು ಕಾಕು ಕೇಳಿದರೆ, 'ದೇವರ ಮ್ಯಾಲ ಅದ. ಕೈಮುಗಿಲಿಕ್ಕಿ ಬರೋ ಮಂದಿ ಮ್ಯಾಲ ಇಲ್ಲ' ಎನ್ನುತ್ತಿದ್ದರು. ಇಂಥವರಿಗೆ ಏನು ಹೇಳುತ್ತೀರಿ?

ಕಾಕಾ ಎಂದರೆ ನಮ್ಮಪ್ಪನ ತಮ್ಮ, ಕಾಕು ಅವರ ಹೆಂಡತಿ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರ. ಕಲ್ಲು ಕೊಳ್ಳುವ ಮೊದಲು ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳುವುದು ಆ ಕಸುಬಿನ ರೂಢಿ. ಗಟ್ಟಿ ಕಲ್ಲು ಖಣ್ ಎನ್ನುತ್ತದೆ, ಒಳಗೆ ಬಿರುಕಿದ್ದರೆ ಬದ್ ಎನ್ನುತ್ತದೆ. ಕಾಕಾ ಕಲ್ಲಿಗೇ ನಿಲ್ಲಿಸಿದ್ದರೆ ಚಿಂತೆಯಿರಲಿಲ್ಲ. ಕುಂಬಳಕಾಯಿ ಬಡಿದರು, ನೆಂಟರ ಮನೆಯ ಗೋಡೆ ಬಡಿದರು. ಚಿತ್ತಾಪುರದಿಂದ ಮಗಳನ್ನು ನೋಡಲು ಬಂದ ವರನ ಬೆನ್ನನ್ನೂ ಪ್ರೀತಿಯ ನೆಪದಲ್ಲಿ ಎರಡು ಸಲ ಬಡಿದು ಕಿವಿಗೊಟ್ಟರು. ಸದ್ದು ಸರಿ ಬಂದಿರಬೇಕು, ಮದುವೆಯಾಯಿತು!

ಆ ಅಳಿಯನಿಗೆ ಗೋವಾದ ಬಂದರಿನಲ್ಲಿ ನೌಕರಿ. ಮಗಳಿಗೆ ಎರಡು ಸಲ ಬಸುರು ನಿಲ್ಲದೆ ಹೋಗಿ, ಮೂರನೆಯ ಸಲ ಎಂಟು ತಿಂಗಳು ತುಂಬಿತ್ತು. ಮಂಚ ಬಿಟ್ಟು ಇಳಿಯಬಾರದೆಂದು ಡಾಕ್ಟರು ಹೇಳಿದ್ದರು. ತವರಿಗೆ ಬರುವ ಮಾತೇ ಇಲ್ಲ, ತಾಯಿಯೇ ಅಲ್ಲಿಗೆ ಹೋಗಬೇಕು. ಅಲ್ಲಿ ಬಾಣಂತನಕ್ಕೆ ಬೇರೆ ಯಾರೂ ಇರಲಿಲ್ಲ. ಕಾಕು ಅಂದಿನಿಂದ ಸರಿಯಾಗಿ ಊಟ ಮಾಡಲಿಲ್ಲ.

ರೈಲಿನಲ್ಲಿ ಹೋಗಬಹುದಿತ್ತು. ಆದರೆ ದಾರಿಯಲ್ಲಿ ಗಾಡಿ ಬದಲಿಸಬೇಕು. ಬದಲಿಸಿದ ಕಡೆಯೆಲ್ಲ ಹಮಾಲರು. ಹಮಾಲರೆಂದರೆ ಕಾಕಾನ ಲೆಕ್ಕದಲ್ಲಿ ಗಂಟು ಹೊತ್ತು ಓಡುವವರು! ವಾಡಿಯಲ್ಲಿ ಹತ್ತಿದರೆ ನೇರ ಬೊಂಬಾಯಿ, ಅಲ್ಲಿಂದ ಹಡಗು ಎಂದು ಅವರು ತೀರ್ಮಾನಿಸಿದರು.

'ಹಡಗಿನ್ಯಾಗ ಕಳ್ಳರು ಇರಂಗಿಲ್ಲೇನ್ರಿ ಕಾಕಾ?' ಎಂದೆ.

'ಇರ್ತಾರ. ಕದ್ದು ಎಲ್ಲಿಗಿ ಓಡ್ತಾರ, ತಮ್ಮಾ? ನೀರಾಗ?'

ನಾನು ಆಗ ವಾಡಿಯಲ್ಲಿ ಮಾಸ್ತರನಾಗಿದ್ದೆ. 'ಇವರನ್ನ ಸಂಭಾಳಿಸಲಿಕ್ಕಿ ಒಬ್ಬರು ಬೇಕಪ್ಪಾ' ಎಂದು ಕಾಕು ಕೇಳಿಕೊಂಡದ್ದಕ್ಕೆ ರಜೆ ಹಾಕಿ ಹೊರಟೆ.

ಸಮುದ್ರದ ನೀರಿನಲ್ಲಿ ಸಾಬೂನು ನೊರೆ ಬಿಡುವುದಿಲ್ಲವೆಂದು ಕಾಕಾ ಎಲ್ಲೋ ಕೇಳಿದ್ದರು. ಹಡಗಿನವರು ಕುಡಿಯಲೂ ಅದನ್ನೇ ಸೋಸಿ ಕೊಡುತ್ತಾರೆಂಬುದು ಅವರ ಸ್ವಂತ ಸಂಶೋಧನೆ. ಹೀಗಾಗಿ ಮನೆಯ ಬಾವಿಯ ನೀರನ್ನೇ ಒಯ್ಯುವುದೆಂದಾಯಿತು. ಅಲ್ಲ, ಶಹಾಬಾದಿನ ಬಾವಿಯ ಸವಳು ನೀರಿನಲ್ಲಿ ಯಾವ ಸಾಬೂನು ನೊರೆ ಬಿಟ್ಟಿತ್ತು? ಇದನ್ನು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗಿತ್ತು?

ನೀರಿಗಾಗಿ ಬಜಾರಿಗೆ ಪ್ಲಾಸ್ಟಿಕ್ ಕ್ಯಾನು ಕೊಳ್ಳಲು ಹೋದೆವು. ಪ್ಲಾಸ್ಟಿಕ್ ಆಗಿನ್ನೂ ನಮ್ಮ ಕಡೆ ಹೊಸತು. ಅಂಗಡಿಯ ಸಾಬರು ಹುರುಪಿನಿಂದ ಒಂದನ್ನು ಎತ್ತಿ ಕೊಟ್ಟರು. ಕಾಕಾ ಬಡಿದರು. ಖಣ್ ಎನ್ನಲಿಲ್ಲ, ಬದ್ ಎನ್ನಲಿಲ್ಲ.

'ಇದು ಬಡದ್ರ ಮಾತೇ ಆಡಂಗಿಲ್ಲಲ್ಲ?'

'ಮಜಬೂತ್ ಅದರಿ ಕಾಕಾ. ಕೆಳಗ ಬಿದ್ರೂ ಒಡಿಯಂಗಿಲ್ಲ.'

'ಬಿದ್ರೂ ಸುಮ್ಮನಿರ್ತದ, ಬಡದ್ರೂ ಸುಮ್ಮನಿರ್ತದ. ಇಂಥವರನ್ನ ನಂಬಬಾರದು ಸಾಬ್.'

ನಂಬದೆಯೇ ನಾಲ್ಕು ಕೊಂಡರು. ಅವುಗಳ ಜೊತೆ ಮೈಸಾಬೂನು, ಬಟ್ಟೆಸಾಬೂನು, ಹಲ್ಲುಪುಡಿ, ಸೀಗೆಪುಡಿ, ಒಂದು ಕಟ್ಟು ಬೇವಿನ ಕಡ್ಡಿ, ಮೇಣದಿಂದ ಬಾಯಿ ಮುಚ್ಚಿದ ಕೊಬ್ಬರಿ ಎಣ್ಣೆಯ ಬಾಟಲಿ. ಯಾರಾದರೂ ಬದಲಿಸಿಯಾರು ಎಂದು ಪ್ರತಿ ಸಾಬೂನಿನ ಹೊಟ್ಟೆಗೂ ಚಾಕುವಿನಿಂದ ಗುರುತು ಕೊರೆದರು. ಹಡಗಿನಲ್ಲಿ ಇರುವುದು ಒಂದೇ ರಾತ್ರಿ! ಇಷ್ಟು ಸಾಮಾನಿನಲ್ಲಿ ಹಡಗಿನವರಿಗೆಲ್ಲ ಅಭ್ಯಂಜನ ಮಾಡಿಸಬಹುದಿತ್ತು.

ಬೊಂಬಾಯಿಯಲ್ಲಿ ಹಡಗು ಹತ್ತುವ ಧಕ್ಕೆಯ ಬಾಗಿಲಲ್ಲಿ ಖಾಕಿ ತೊಟ್ಟವನೊಬ್ಬ ನಮ್ಮನ್ನು ತಡೆದ. ಕ್ಯಾನುಗಳ ಕಡೆ ಬೊಟ್ಟು ಮಾಡಿ, ಸೀಮೆಎಣ್ಣೆಯೋ ಸಾರಾಯಿಯೋ ಎಂದು ಹಿಂದಿಯಲ್ಲಿ ಕೇಳಿದ. ನೀರು ಎಂದೆ. ಸಮುದ್ರಕ್ಕೆ ಯಾರಾದರೂ ನೀರು ಹೊತ್ತು ಹೋಗುತ್ತಾರೆಯೇ? ಅವನ ಸಂಶಯ ಗಟ್ಟಿಯಾಯಿತು. ಮುಚ್ಚಳಕ್ಕೆ ಕೈ ಹಾಕಿದ. ಅವನ ಕೈ ಎಲ್ಲೆಲ್ಲಿ ಮುಟ್ಟಿ ಬಂದಿದೆಯೋ ಎಂದು ಕಾಕಾ ಅಡ್ಡ ನಿಂತರು. ಹಾಗಾದರೆ ನೀನೇ ಕುಡಿದು ತೋರಿಸು ಎಂದ. ಒಂದು ಕ್ಯಾನಿನಿಂದ ಕುಡಿದರೆ ಸಾಲದೆ, ನಾಲ್ಕರಿಂದಲೂ ಕುಡಿಸಿದ. ನಮ್ಮ ಹಿಂದಿನ ಸಾಲಿನವರು ಬೈಯತೊಡಗಿದರು, ಕಾಕು ಹಡಗು ಬಿಟ್ಟೀತೆಂದು ಕಣ್ಣೀರು ತಂದರು. ನಾನು ನಾಚಿಕೆಯಿಂದ ಆ ಕಡೆ ಮುಖ ಮಾಡಿ ನಿಂತೆ.

ಒಳಗೆ ಬಂದ ಮೇಲೆ ಕಾಕಾನ ಮುಖದಲ್ಲಿ ಸಿಟ್ಟೇ ಇರಲಿಲ್ಲ. 'ಬೊಂಬಾಯಿದಾಗ ಒಬ್ಬ ಸರಿಯಾದ ಮನಷ್ಯಾ ಸಿಕ್ಕ, ತಮ್ಮಾ. ಯಾರನ್ನೂ ನಂಬಂಗಿಲ್ಲ' ಎಂದರು.

ಡೆಕ್ಕಿನ ಮೇಲೆ ಜಮಖಾನೆ ಹಾಸಿ ಕಾಕುವನ್ನು ಕೂಡಿಸಿದ್ದಾಯಿತು. ಕಾಕಾ ಗಂಟುಗಳಿಗೆಲ್ಲ ಹಗ್ಗ ಕಟ್ಟಿ, ಅದರ ತುದಿಯನ್ನು ನನ್ನ ಕಾಲಿಗೆ ಬಿಗಿದರು. ಆಮೇಲೆ ಹಡಗಿನ ಗೋಡೆಗೆ ಕಿವಿ ಹಚ್ಚಿ ಬಡಿದರು. ಮತ್ತೊಂದು ಕಡೆ ಬಡಿದರು. ಬಿಳಿಚಿಕೊಂಡು ಹಡಗಿನ ಆಳು ಖಲಾಸಿಯೊಬ್ಬನನ್ನು ಕರೆದು, ದಖನಿ ಉರ್ದುವಿನಲ್ಲಿ, ನಿಮ್ಮ ಹಡಗು ಒಳಗೆ ಟೊಳ್ಳು ಇದೆಯಲ್ಲ ಎಂದರು.

'ಟೊಳ್ಳು ಇದ್ದದ್ದಕ್ಕೇ ತೇಲುತ್ತಿದೆ ಬಾಬಾ' ಎಂದು ಅವನು ನಡೆದೇಬಿಟ್ಟ.

ಕಾಕಾ ಗೋಡೆಗೆ ಇನ್ನೊಮ್ಮೆ ಬಡಿದು, 'ಅವ ಹೇಳಿದ್ದು ಖರೇ ಇದ್ರೂ ಇರಬಹುದು' ಎಂದರು. ಅವರ ಬಾಯಲ್ಲಿ ಇದು ದೊಡ್ಡ ಸರ್ಟಿಫಿಕೇಟು.

ಮಧ್ಯಾಹ್ನದ ಹೊತ್ತಿಗೆ ಹಡಗು ತೂಗತೊಡಗಿತು. ಕಾಕುವಿಗೆ ವಾಂತಿ ಶುರುವಾಯಿತು. ಮೊದಲು ನಾವು ನಕ್ಕೆವು, ಅವರೂ ನಕ್ಕರು. ಆಮೇಲೆ ಯಾರಿಗೂ ನಗು ಬರಲಿಲ್ಲ. ಹೊಟ್ಟೆಯಲ್ಲಿ ಏನೂ ಉಳಿಯದಿದ್ದರೂ ವಾಂತಿ ನಿಲ್ಲಲಿಲ್ಲ, ತುಟಿ ಒಣಗಿತು, ಕೈಕಾಲು ತಣ್ಣಗಾದವು. ಕಾಕಾ ಕ್ಯಾನಿನ ನೀರು ಬಾಯಿಗಿಟ್ಟರೆ ಕಾಕು ಮುಖ ತಿರುಗಿಸಿದರು. ಎರಡು ದಿನ ಬಿಸಿಲಲ್ಲಿ ಕುದ್ದು ಅದು ಹೊಸ ಪ್ಲಾಸ್ಟಿಕ್ಕಿನ ವಾಸನೆ ಹೊಡೆಯುತ್ತಿತ್ತು. ಬೇರೆ ಕ್ಯಾನು ತೆರೆದರೂ ಅದೇ ವಾಸನೆ. ಇಷ್ಟು ಜೋಪಾನ ಮಾಡಿ ತಂದ ಮನೆಯ ನೀರೇ ಕೈಕೊಟ್ಟಿತ್ತು.

'ನಾ ಹಿಂಗ ಬಿದ್ರ ಮಗಳ ಬಾಣಂತನ ಯಾರ್ ಮಾಡ್ತಾರ್ರಿ?' ಎಂದು ಕಾಕು ಒಂದೇ ಸಮನೆ ಬಡಬಡಿಸುತ್ತಿದ್ದರು.

ಪಕ್ಕದ ಚಾಪೆಯಲ್ಲಿ ಫ್ರಾಕು ತೊಟ್ಟ ಗೋವಾದ ಮುದುಕಿಯೊಬ್ಬಳಿದ್ದಳು. ಕಾಕಾ ಬೆಳಗಿನಿಂದ ಅವಳ ಕಡೆ ಬೆನ್ನು ಹಾಕಿರಲೇ ಇಲ್ಲ, ಅಷ್ಟು ಸಂಶಯ! ಅವಳೀಗ ಎದ್ದು ಬಂದು ಒಂದು ಬಾಟಲಿ ಮುಂದೆ ಹಿಡಿದಳು. ನಿಂಬೆಹಣ್ಣು, ಉಪ್ಪು ಹಾಕಿದ ನೀರು ಎಂದು ಸನ್ನೆಯಲ್ಲೇ ಹೇಳಿದಳು. ಬಾಟಲಿಯ ಆಕಾರ ನೋಡಿದರೆ ಅದರಲ್ಲಿ ಹಿಂದೆ ಏನಿತ್ತೆಂದು ಯಾರೂ ಹೇಳಬೇಕಾಗಿರಲಿಲ್ಲ.

ಕಾಕಾ ಬಾಟಲಿ ತೆಗೆದುಕೊಂಡರು. ಬಡಿಯಲಿಲ್ಲ. ಒಂದು ಗುಟುಕು ತಾವು ಕುಡಿದರು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕುಳಿತರು. ಮುದುಕಿ ತಪ್ಪು ತಿಳಿಯಲಿಲ್ಲ. ಆಮೇಲೆ ಕಾಕಾ ಕಾಕುವಿನ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡು ಚೂರುಚೂರೇ ಕುಡಿಸಿದರು. ಕುಡಿದದ್ದು ಹೊಟ್ಟೆಯಲ್ಲಿ ನಿಂತಿತು. ಹೊತ್ತು ಮುಳುಗುವಷ್ಟರಲ್ಲಿ ಕಾಕು ಎದ್ದು ಕುಳಿತರು.

'ಮೊದಲ ನೀವ್ಯಾಕ ಕುಡದ್ರಿ?' ಎಂದು ಕ್ಷೀಣವಾಗಿ ಕೇಳಿದರು. 'ನಿಮಗೇನರ ಆಗಿದ್ರ?'

'ಆಗಿದ್ರ ಆಗ್ತಿತ್ತು. ನೀ ಮಗಳ ಬಲ್ಲಿ ಹೋಗಿ ಮುಟ್ಟಬೇಕು. ಬಾಣಂತನಕ್ಕ ತಾಯಿ ಬೇಕು. ನಾ ಇದ್ದು ಅಲ್ಲಿ ಏನ್ ಮಾಡ್ಲಿ, ಫರ್ಸಿ ಹಾಕ್ಲಾ?'

ನಗಬೇಕೆಂದು ಬಾಯಿ ತೆರೆದವನು ಬಗ್ಗಿ ಕಾಲಿನ ಹಗ್ಗ ಸರಿಮಾಡಿಕೊಂಡೆ. ನಮ್ಮ ಮನೆತನದಲ್ಲಿ ಗಂಡಹೆಂಡತಿ ನಾಲ್ಕು ಜನರೆದುರು ಪಕ್ಕಪಕ್ಕ ಕೂರುವುದೂ ಇಲ್ಲ. ಅಷ್ಟು ಮಂದಿಯ ನಡುವೆ ಕಾಕು ಕೈ ಚಾಚಿ ಕಾಕಾನ ಕೈ ಹಿಡಿದುಕೊಂಡರು. ಕಾಕಾ ಆ ಕಡೆ ನೋಡಿದರು, ಈ ಕಡೆ ನೋಡಿದರು, ಎಲ್ಲಿ ನೋಡಬೇಕೋ ತಿಳಿಯದೆ ಕೊನೆಗೆ ಸಮುದ್ರ ನೋಡುತ್ತ ಕುಳಿತರು. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.