ಯಜಮಾನರ ರಾಣಿ ಸಿಕ್ಕಿಬಿದ್ದ ದಿನ

ಗಂಡ ಹೆಂಡತಿ ಚೆಸ್ ಮಣೆಯ ಆಚೀಚೆ ಕೂತರೆ ಏನಾದರೊಂದು ಆಗುತ್ತಲೇ ಇರುತ್ತದೆ. ನಮ್ಮ ಮನೆಯಲ್ಲಂತೂ ಮದುವೆಯಾದ ವರ್ಷದಿಂದ ಆಗುತ್ತಿದೆ.

ಕಲಿಸಿದ್ದು

ಶ್ರೀರಂಗಪಟ್ಟಣದಲ್ಲಿ ನಮ್ಮ ಯಜಮಾನರದು ಸೈಕಲ್ ಶಾಪ್, ನನ್ನದು ಪಕ್ಕದಲ್ಲೇ ಬ್ಲೌಸ್ ಹೊಲಿಗೆ. ಅವರ ಜೊತೆ ಚೆಸ್ ಆಡುತ್ತಿದ್ದ ಸ್ನೇಹಿತರಿಗೆ ನಾಗಮಂಗಲಕ್ಕೆ ವರ್ಗವಾಯಿತು. ಯಜಮಾನರು ಸ್ವಲ್ಪ ದಿನ ಮಂಕಾಗಿದ್ದು, ಆಮೇಲೆ ನನ್ನನ್ನೇ ಮಣೆ ಮುಂದೆ ಕೂರಿಸಿದರು. ಬಿಳಿ ಕಾಯಿ ಅವರಿಗೆ, ಕಪ್ಪು ನನಗೆ. ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿ ಮೀಸೆ ತೀಡಿದರು.

"ಈಗ ನಾನು ಮಾಡ್ಬೇಕಾ?" ಅಂದೆ.

"ಊಂ ಕಣಮ್ಮಿ. ಕಾಫಿ ಮಾಡ್ಕೊಂಡ್ ಬಾ."

ಫೈನಲ್ಲು

ಹೋದ ವರ್ಷ ಪಾಂಡವಪುರದಲ್ಲಿ ಪಂದ್ಯಾವಳಿ ಇತ್ತು. "ಸುಮ್ನೆ ಕೂತ್ರೆ ನಿಂಗೆ ಬೇಜಾರಾಯ್ತದೆ" ಅಂತ ನನ್ನ ಹೆಸರನ್ನೂ ಬರೆಸಿದರು. ಅವರು ಗೆಲ್ಲುತ್ತಾ ಹೋದರು. ಹೇಗೋ ನಾನೂ ಗೆದ್ದೆ. ಫೈನಲ್ಲಿಗೆ ತೀರ್ಪುಗಾರ ಮೇಡಂ ಕೂಗಿದ್ದು ನಮ್ಮಿಬ್ಬರ ಹೆಸರನ್ನೇ.

ಯಜಮಾನರಿಗೆ ತಡೆಯಲಾಗಲಿಲ್ಲ. "ಇವ್ಳ ಜೊತೆ ಆಡಕ್ಕೆ ಇಲ್ಲೀಗಂಟ ಬಸ್ ಅತ್ತಿ ಬರ್ಬೇಕಿತ್ತಾ ಮೇಡಂ? ಮನೇಲೇ ಆಡ್ಕೊತಿದ್ವಲ್ಲ!"

ತಡಿ ತಡಿ

ಅಲ್ಲೂ ಬಿಳಿ ಅವರಿಗೇ ಬಂತು. ಅದೇ ಕಾಲಾಳು, ಅದೇ ಎರಡು ಮನೆ. ಬಹುಮಾನದ ಕಪ್ಪು ಗೆದ್ದೇ ಬರುತ್ತೇನೆಂದು ಬೀದಿಗೆಲ್ಲ ಹೇಳಿ ಬಂದಿದ್ದರು ಪಾಪ. ಆತುರದಲ್ಲಿ ರಾಣಿಯನ್ನು ನನ್ನ ಮೂಲೆಗೆ ನುಗ್ಗಿಸಿ ಒಂದು ಕಾಲಾಳು ಹೊಡೆದರು. ನಾನು ಕುದುರೆಯನ್ನು ಅಂಚಿಗೆ ತಂದೆ. ರಾಣಿಗೆ ವಾಪಸು ದಾರಿಯೇ ಇಲ್ಲ!

"ತಡಿ ತಡಿ, ಅಲ್ಲಿಗಲ್ಲ" ಅಂತ ರಾಣಿಯನ್ನು ಹಿಂದಕ್ಕಿಡಲು ಹೋದರು.

"ಸರ್, ನಡೆಸಿದ ಮೇಲೆ ಮುಗೀತು" ಅಂದರು ಮೇಡಂ.

"ಮನೇಲಿ ಬುಡ್ತಾಳೆ ಮೇಡಂ!"

ಕೊನೆಗೆ ಬೇರೇನೋ ನಡೆಸಿದರು. ಈಗ ನಾನು ರಾಣಿಯನ್ನು ಹೊಡೆಯಬೇಕು. ಬೆವರಿದ ಅವರ ಮುಖ ನೋಡಿ ಕೈ ಏಳಲಿಲ್ಲ. ಅವರಿಗೆ ಗೊತ್ತಾಗಿಬಿಟ್ಟಿತು. ಬಗ್ಗಿ ಪಿಸುಗುಟ್ಟಿದರು, "ಹೊಡಿಯಮ್ಮಿ. ಪಾಪ ಅಂತ ಬುಟ್ಟೀಯ, ವಾರ ಮಾತಾಡ್ಸಕ್ಕಿಲ್ಲ."

ಹೊಡೆದೆ. ಆಮೇಲೆ ಅವರ ರಾಜ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಬೀದಿಯಲ್ಲಿ

ಸಂಜೆ ಬಸ್ಸಿಳಿದು ಬರುವಾಗ ಬೇಕರಿಯವರು ದೂರದಿಂದಲೇ ಕೂಗಿದರು, "ಏನಾಯ್ತ್ಲಾ?"

ಹೆಂಡತಿ ಕೈಲಿ ಸೋತೆ ಅನ್ನಲು ಇವರಿಗೆ ಸಂಕೋಚ. "ಕಪ್ಪು ಗೆಲ್ತು" ಅಂದರು.

"ಕಪ್ಪು ಗೆದ್ಯಾ? ಭೇಷ್ ಕಣ್ಲಾ!" ಬೇಕರಿಯವರು ಓಡಿ ಬಂದು ಇವರ ಬಾಯಿಗೆ ಮೈಸೂರ್ ಪಾಕ್ ತುರುಕಿದರು. ಬಾಯಿ ತುಂಬಿದ ಯಜಮಾನರು ಕೈಯಾಡಿಸಿ ನನ್ನನ್ನೇ ತೋರಿಸಿದರು. ನುಂಗಿದ ಮೇಲೆ ಮಾತು ಬಂತು: "ನಾನಲ್ಲ ಕಣ್ಲಾ. ಕಪ್ಪು ಕಾಯೂ ಇವ್ಳ್ದು, ಕಪ್ಪೂ ಇವ್ಳ್ದೇ."

"ಅಂಗಾದ್ರೆ ನಿಂದೇನ್ಲಾ?"

"ಇವ್ಳೇ ನಂದು."